ನಿಂತ ಹಬ್ಬದ ಬಗ್ಗೆ ಎರಡು ಮಾತು

ಈ ಸಭೆಯ ಅಧ್ಯಕ್ಷರೂ ನನ್ನ ಯಜಮಾನರ ಅಣ್ಣನೂ ಆದ ಶ್ರೀ ಅಂಜಿನಪ್ಪ ಬಾವನವರೇ, ಹರಿಹರದಿಂದ ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ಕಾರ್ತಿಕ ದೀಪೋತ್ಸವಕ್ಕೆ ಬಂದು ಪ್ರಸಾದದ ಕಡೆಗೆ ಮುಖ ಮಾಡಿ ಕೂತಿರುವ ವಿನೋಬನಗರದ ಸಭಿಕರೇ,

ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ 'ದೀಪಾವಳಿಯ ಮೂಲ ಮತ್ತು ಆಚರಣೆ' ಎಂದು ಅಚ್ಚಾಗಿದೆ. ಹೋದ ವರ್ಷವೂ ಇದೇ, ಅದರ ಹಿಂದಿನ ವರ್ಷವೂ ಇದೇ. ಶಾಲೆಯಿಂದ ನಿವೃತ್ತಳಾದ ಪುಟ್ಟಕ್ಕ ಟೀಚರಿಗೆ ಬೇರೆ ವಿಷಯವೇ ಗೊತ್ತಿಲ್ಲ ಎಂದು ಸಂಘದವರು ತೀರ್ಮಾನಿಸಿದ್ದಾರೆ. ಆಗಲಿ. ನರಕಾಸುರ ಸತ್ತ, ನಮಗೆ ಎಣ್ಣೆ-ನೀರು ಬಂತು. ವಾಮನ ಬಲಿಯನ್ನು ಪಾತಾಳಕ್ಕೆ ತುಳಿದ, ವರ್ಷಕ್ಕೊಮ್ಮೆ ಬಂದು ನಿನ್ನ ಜನರನ್ನು ನೋಡಿಕೊಂಡು ಹೋಗು ಎಂದ. ಬಲಿ ಬರುವ ಆ ಪಾಡ್ಯದಂದೇ ನಮ್ಮ ಮನೆಗಳಿಗೆ ಸತ್ತ ಹಿರಿಯರೂ ಬರುತ್ತಾರೆ. ಬಾಗಿಲಲ್ಲಿ ಸಗಣಿ ಉಂಡೆ ಇಟ್ಟು ಉತ್ತರಾಣಿ ಕಡ್ಡಿ, ಹೂ ಸಿಕ್ಕಿಸುತ್ತೇವೆ. ಒಳಗೆ ಹೊಸ ಬಟ್ಟೆ, ಹೋಳಿಗೆ ಎಡೆ ಇಡುತ್ತೇವೆ. ಆ ಬಟ್ಟೆಯನ್ನು ಆಮೇಲೆ ಮನೆಯವರೇ ಉಡಬೇಕು. ಚಪ್ಪಾಳೆ ಈಗಲೇ ಬೇಡ, ನಾನಿನ್ನೂ ಮುಗಿಸಿಲ್ಲ.

ಪ್ರತಿ ವರ್ಷ ನಾನು ಹೇಳದೆ ಬಿಡುವ ಒಂದು ಆಚರಣೆ ಇದೆ. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಮನೆಗೆ ಆ ಹಬ್ಬ ನಿಲ್ಲುತ್ತದೆ. ಮುಂದೆಂದಾದರೂ ಅದೇ ಹಬ್ಬದ ದಿನ ಆ ಮನೆಯಲ್ಲಿ ಮಗುವೋ ಕರುವೋ ಹುಟ್ಟಬೇಕು, ಆಗ ಮತ್ತೆ ಶುರು. ನಮ್ಮ ಯಜಮಾನರು ನಿಂಗರಾಜು, ಹನ್ನೊಂದು ವರ್ಷದ ಹಿಂದೆ ಪಾಡ್ಯದ ಬೆಳಿಗ್ಗೆ, ಉತ್ತರಾಣಿ ಕಡ್ಡಿ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದರು. ಒಂದು ದಿನ ತಡೆಯಬಾರದಿತ್ತೇ? ಬದುಕಿದ್ದಾಗಲೂ ಅಷ್ಟೇ, ಯಾವುದಕ್ಕೂ ನನ್ನನ್ನೊಂದು ಮಾತು ಕೇಳುತ್ತಿರಲಿಲ್ಲ. ತಮ್ಮ ಅಪ್ಪನ ಎಡೆಗೆಂದು ಅವರು ತಂದಿದ್ದ ಪಂಚೆ ಟ್ರಂಕಿನಲ್ಲೇ ಉಳಿಯಿತು. ಮಕ್ಕಳಿಲ್ಲದ ಮನೆ, ಹಸುವಿಲ್ಲದ ಮನೆ. ಯಾರು ಹುಟ್ಟಬೇಕು, ಸಭಿಕರೇ? ಎಲ್ಲರ ಹಿರಿಯರೂ ಹೋಳಿಗೆ ಉಣ್ಣುವ ದಿನ ನಮ್ಮ ಯಜಮಾನರು ಬಂದು ಕತ್ತಲೆ ಬಾಗಿಲು ನೋಡಿ ಹೋದರು. ಹತ್ತು ಸಲ! ನನಗೆ ಅದನ್ನು ಸಹಿಸಲಿಕ್ಕೆ ಆಗುತ್ತಿರಲಿಲ್ಲ.

ಈ ಸಲದ ಪಾಡ್ಯಕ್ಕೆ ಹುಟ್ಟಿತು. ನಮ್ಮ ಮನೆಯ ಮುಂಭಾಗದಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆಗಿರುವ ಮಾಬೂಬೀ, ಅವರ ಮಗಳು ತಸ್ಲೀಮ್‌ಗೆ ಬೆಳಿಗ್ಗೆಯೇ ನೋವು ಬಂತು. ಪಟಾಕಿ, ಪೂಜೆಗೆ ನಿಲ್ಲಿಸಿದ ಗಾಡಿಗಳು, ಆಟೋ ಓಣಿಯೊಳಗೆ ಬರಲೇ ಇಲ್ಲ. ನನ್ನ ಪಡಸಾಲೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಸುತ್ತಲಿಕ್ಕೆ ಬಟ್ಟೆ ಬೇಕಾಯಿತು, ಟ್ರಂಕು ತೆರೆದರೆ ಕೈಗೆ ಸಿಕ್ಕಿದ್ದು ಆ ಪಂಚೆ. ಮಗುವನ್ನು ಅದರಲ್ಲಿ ಸುತ್ತಿದ ಮಾಬೂಬೀ ಮೊದಲು ಹೇಳಿದ್ದೇನು ಗೊತ್ತೇ? "ಪುಟ್ಟಕ್ಕ, ನಿಮ್ಮ ಹಬ್ಬ ವಾಪಸ್ ಬಂತು ನೋಡ್ರಿ. ಇಲ್ಲಿ ಯಾಕ ನಿಂತೀರಿ? ಹೋಗ್ರಿ, ದೀಪ ಹಚ್ಚ್ರಿ."

ಅವರಿಗೆ ಆ ಕ್ಷಣವೇ ಹೊಳೆದದ್ದು ನಮ್ಮ ಬಾವನವರಿಗೆ ಹದಿನೈದು ದಿನವಾದರೂ ಹೊಳೆದಿಲ್ಲ. ಅವತ್ತು ಸಂಜೆ ಫೋನಿನಲ್ಲಿ, "ಅದು ನಮ್ಮ ವಂಶ ಅಲ್ಲ ಪುಟ್ಟಕ್ಕ, ಹೆಂಗೆ ನಡೀತೈತೆ? ದೀಪ ಹಚ್ಚಬ್ಯಾಡ" ಎಂದರು. ಇವತ್ತು ಈ ವೇದಿಕೆಯ ದೀಪ ಹಚ್ಚಲು ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆದರು, ನೀವೇ ನೋಡಿದಿರಿ. ಅಲ್ಲ ಸ್ವಾಮಿ, ಎರಡು ವರ್ಷದ ಹಿಂದೆ ಇದೇ ಬಾವನವರು ಆವರಗೆರೆ ಸಂತೆಯಿಂದ ಗಬ್ಬದ ಹಸು ತಂದು ನನ್ನ ಹಿತ್ತಲಲ್ಲಿ ಕಟ್ಟಿದ್ದರು. ನನ್ನ ಮೇಲಿನ ಅಕ್ಕರೆಯಿಂದಲೇ ತಂದರು, ಇಲ್ಲ ಅನ್ನುವುದಿಲ್ಲ. ಅದು ಪಾಡ್ಯ ಕಳೆದು ಮೂರು ದಿನಕ್ಕೆ ಈದಿತು, ಹಸು-ಕರು ಎರಡನ್ನೂ ವಾಪಸ್ ಕಳಿಸಿದೆ. ಸರಿಯಾದ ದಿನ ಈದಿದ್ದರೆ ನನ್ನ ಹಬ್ಬ ನಡೆಯುತ್ತಿತ್ತು. ಸಂತೆಯಲ್ಲಿ ಕೊಂಡ ಹಸುವಿನ ಕರು ಯಾವ ವಂಶದ್ದು, ಬಾವನವರೇ? ಅದಕ್ಕೆ ಕೇಳದ ವಂಶ ನನ್ನ ಸೂರಿನಡಿ ಹುಟ್ಟಿದ ಕೂಸಿಗೆ ಯಾಕೆ? ಗಡಿಯಾರ ನೋಡಬೇಡಿ, ಉತ್ತರ ಹೇಳಿ.

ಇರಲಿ ಬಿಡಿ. ನಿಮ್ಮ ಒಪ್ಪಿಗೆ ಕೇಳಲು ನಾನು ಮೈಕಿನ ಮುಂದೆ ನಿಂತಿಲ್ಲ. ನೀವು ಫೋನ್ ಮಾಡುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು, ನಿಮ್ಮ ತಮ್ಮನಿಗೆ ಹೋಳಿಗೆ ಎಡೆಯೂ ಆಗಿತ್ತು. ಎಡೆಗೆ ಬಟ್ಟೆ ಮಾತ್ರ ಇರಲಿಲ್ಲ. ಎಡೆಯ ಬಟ್ಟೆ ಮನೆಯವರೇ ಉಡಬೇಕು ಎಂದೆನಲ್ಲ, ಅದನ್ನು ಆ ಕೂಸು ಉಟ್ಟುಕೊಂಡು ಮಲಗಿತ್ತು.

ಮುಂದಿನ ವರ್ಷ ಈ ವಿಷಯಕ್ಕೆ ಬೇರೆಯವರನ್ನು ಹುಡುಕಿಕೊಳ್ಳಿ. ಮಾಡದ ಹಬ್ಬದ ಬಗ್ಗೆ ಇಷ್ಟು ವರ್ಷ ಮಾತಾಡಿದ್ದು ಸಾಕು, ಇನ್ನು ನಾನು ಹಬ್ಬ ಮಾಡುತ್ತೇನೆ. ಪಾಡ್ಯಕ್ಕೆ ಎಲ್ಲರೂ ಮನೆಗೆ ಬರ್ರಿ, ಬಾವನವರೇ, ನೀವೂ. ಅವತ್ತು ಕೂಸಿನ ಮೊದಲ ಹುಟ್ಟುಹಬ್ಬ. ತಾಳ್ಮೆಯಿಂದ ಕೇಳಿದ್ದಕ್ಕೆ ವಂದನೆಗಳು, ನಮಸ್ಕಾರ.