ಮೂರನೇ ಬೆರಳು

ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಪಕ್ಕದ ಬೆಂಚಿನ ಗಂಡಸರಿಬ್ಬರ ಮಾತಿಗೆ, ಬೇಡವೆಂದರೂ ಬಸ್ಸಿಗೆ ಕಾಯುತ್ತಿದ್ದ ಗೋದೂಬಾಯಿಯ ಕಿವಿ ನಿಮಿರಿತು. ಮೊಬೈಲು ಹಿಡಿದವನು ಫಕ್ಕೀರೇಶ, ಇಣುಕುತ್ತಿದ್ದವನು ಅವನ ಗೆಳೆಯ ಹುಲಿಗೇಶ.

“ಇನ್ನೂ ಅದ ಯುದ್ಧದ ಆಟ ಆಡಾಕತ್ತೀಯೇನು?”

“ಹೂಂ. ಆದ್ರ ಸೈನ್ಯಾನ ದಾಳಿಗೆ ಹೊರಡಸಾಕ ಮೂರು ಬೆರಳು ಕೂಡಿಸಿ ಎಳೀಬೇಕು. ಮೆಣಸಿನಕಾಯಿ ತೊಟ್ಟು ಮುರದು ಮುರದು ನನ್ನ ಬೆರಳು ಸವದಾವ. ಸ್ಕ್ರೀನಿಗೆ ಎರಡ ತಿಳೀತಾವ, ಸೈನ್ಯ ಮನಿಗೆ ವಾಪಸ್ ಬರತೈತಿ.”

“ಮೊದಲ ಹೆಂಗ ಗೆಲ್ಲತಿದ್ದಿ ಮತ್ತ?”

“ಮೂರನೇ ಬೆರಳು ಅಂಜಲೀದು ಇರತಿತ್ತು.”

ಹುಲಿಗೇಶ ಮೊಬೈಲಿನಿಂದ ಕಣ್ಣು ತೆಗೆದು ಅವನತ್ತ ತಿರುಗಿದ.

“ತವರಿಂದ ಬರಂಗಿಲ್ಲಂತೇನು ಆಕಿ?”

“ಫೋನ್ ಎತ್ತಂಗಿಲ್ಲ.”

“ಆಟಾನರ ಬಿಡೋ.”

“ದಾಳಿ ಬಿಟ್ಟೇನಿ. ಕೋಟೆ ಕಾಯಾಕ ಒಂದ ಬೆರಳು ಸಾಕು,” ಎನ್ನುತ್ತ ಫಕ್ಕೀರೇಶ ರಾಣೆಬೆನ್ನೂರಿನ ಬಸ್ಸು ಹತ್ತಿದ.