ಗಿಡ್ಡಮ್ಮನ ಭುಜ ಮತ್ತು ಡಾಕ್ಟರ್ ಜಂಪಣ್ಣ

ಜಂಪಣ್ಣನವರ ಮನೆಯವರಾದ ಅನ್ನಪೂರ್ಣಮ್ಮನವರೇ, ಮಕ್ಕಳೇ, ಚನ್ನಗಿರಿಯ ಹಿರಿಯರೇ — ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಕ್ಸ್‌ರೇ ಡಾಕ್ಟ್ರು. ಅಗಲಿದ ನಮ್ಮ ಮೂಳೆ ಡಾಕ್ಟರ್ ಜಂಪಣ್ಣನವರ ಜತೆ ಬಹಳ ವರ್ಷ ಕೆಲಸ ಮಾಡಿದೋನು.

ಇಲ್ಲಿವರೆಗೆ ಮಾತಾಡಿದೋರೆಲ್ಲ 'ದೇವರಂಥ ಮನುಷ್ಯ' ಅಂದ್ರು. ಕೇಳಿ ಕೇಳಿ ನನಗೆ ಹೇಸಿಗೆ ಆಯ್ತು. ಕ್ಷಮಿಸ್ರಿ — ಹೇಸಿಗೆನೇ ಆಯ್ತು.

ಎಪ್ಪತ್ತೊಂಬತ್ತರಲ್ಲಿ ಇದೇ ಚನ್ನಗಿರಿಯಲ್ಲಿ ಜಂಪಣ್ಣ ಕೆಲಸಕ್ಕಿದ್ದ ನರ್ಸಿಂಗ್ ಹೋಮಿನಲ್ಲಿ ಗಿಡ್ಡಮ್ಮ ಅಂತ ಆಯಾ, ನಲ್ಲೂರಿನೋಳು. ರೋಗಿಯೊಬ್ಬರನ್ನ ಮಂಚಕ್ಕೆ ಎತ್ತುವಾಗ ಭುಜ ಚಟ್ ಅಂತು. ಆಮೇಲೆ ಕೈ — ನೋಡ್ರಿ, ಇಷ್ಟಕ್ಕಿಂತ ಮೇಲೆ ಏಳ್ತಿರಲಿಲ್ಲ. ತಲೆ ಬಾಚಾಕೂ ಆಗ್ತಿರಲಿಲ್ಲ. ಎಕ್ಸ್‌ರೇ ತೆಗೆದ್ರು, ಮೂಳೆ ನೆಟ್ಟಗಿತ್ತು. "ನಾಟಕ ಆಡ್ತಾಳೆ" ಅಂತ ಕೆಲಸದಿಂದ ತೆಗೆದ್ರು.

"ಎಕ್ಸ್‌ರೇಲಿ ಮೂಳೆ ಕಾಣ್ತೈತೆ, ಅದಕ್ಕೆ ಅಂಟಿರೋ ಸ್ನಾಯುರಜ್ಜು ಕಾಣಲ್ಲ. ಹರಿದಿರೋದು ಅದು" ಅಂದ್ರು ಜಂಪಣ್ಣ. ಅಲ್ಲಿದ್ದ ಡಾಕ್ಟ್ರುಗಳು ಯಾರೂ ತುಟಿ ಬಿಚ್ಚಲಿಲ್ಲ.

ಬಸ್ಸಲ್ಲಿ ಅವಳನ್ನ ನನ್ನ ಹತ್ರ ಕರ್ಕೊಂಡು ಬಂದ್ರು. ಎಕ್ಸ್‌ರೇಲಿ ಬೆಳ್ಳಗೆ ಕಾಣೋ ಔಷಧಿನ ಸೂಜಿಯಲ್ಲಿ ಕೀಲಿಗೆ ಬಿಟ್ಟು ಮತ್ತೆ ಚಿತ್ರ ತೆಗೆದ್ವಿ. ಕೀಲೊಳಗೇ ನಿಲ್ಲಬೇಕಾದ ಔಷಧಿ ಮೇಲಕ್ಕೆ ಸೋರಿತ್ತು. ಹರಿದಿದ್ದು ನಿಜ. ಎರಡೂ ಚಿತ್ರ ಹಿಡ್ಕೊಂಡು ಇಬ್ಬರೂ ನರ್ಸಿಂಗ್ ಹೋಮಿನ ಮಾಲೀಕರಾದ ದೊಡ್ಡ ಡಾಕ್ಟ್ರ ಮುಂದೆ ನಿಂತ್ವಿ. ಅವರು ಕಣ್ಣೆತ್ತಿಯೂ ನೋಡಲಿಲ್ಲ. "ಒಬ್ಬ ಆಯಾಗೆ ಯಾಕ್ರೀ ಇಷ್ಟೆಲ್ಲ?" ಅಂದ್ರು.

ಜಂಪಣ್ಣ ಅವತ್ತೇ ರಾಜೀನಾಮೆ ಕೊಟ್ರು. ದಾವಣಗೆರೆಯಲ್ಲಿ ತಾವೇ ಅವಳ ಭುಜ ಹೊಲಿದ್ರು.

ಎಂಬತ್ತಾರರಲ್ಲಿ ಅದೇ ದೊಡ್ಡ ಡಾಕ್ಟ್ರು ಸ್ನಾಯುರಜ್ಜೂ ಕಾಣೋ ಸ್ಕ್ಯಾನ್ ಮೆಷಿನ್ ತರಿಸಿದ್ರು. ಡಾಕ್ಟ್ರುಗಳ ಸಭೆಯಲ್ಲಿ, "ಈ ಹರಕು ಎಕ್ಸ್‌ರೇಲಿ ಕಾಣಲ್ಲ ಅಂತ ನಾನು ಮೊದಲಿಂದ ಹೇಳ್ತಾ ಬಂದಿದ್ದೀನಿ" ಅಂದ್ರು. ಚಪ್ಪಾಳೆ — ಥೂ.

ಜಂಪಣ್ಣ ಎದ್ದು ಇಷ್ಟೇ ಹೇಳಿದ್ರು: "ಸ್ಕ್ಯಾನಲ್ಲಿ ಸೂಜಿ ನೋವಿಲ್ಲ, ಒಳ್ಳೇದು. ಆದ್ರೆ ಸಣ್ಣ ಹರಕು ತಪ್ಪಿಹೋಗ್ತೈತೆ. ಅನುಮಾನ ಬಂದ್ರೆ ಕೀಲಿಗೆ ಔಷಧಿ ಬಿಟ್ಟೂ ನೋಡ್ರಿ. ನಮಗೆ ಕಾಣಲಿಲ್ಲ ಅಂತ ರೋಗಿನ ಸುಳ್ಳುಗಾರ ಅನ್ನಬ್ಯಾಡ್ರಿ." ಅವರು ಮಾತಾಡ್ತಿರುವಾಗಲೇ ಜನ ಟೀ ಕುಡಿಯಾಕೆ ಎದ್ದು ಹೋದ್ರು.

ಇವತ್ತು ಗಿಡ್ಡಮ್ಮ ಎರಡೂ ಕೈ ಎತ್ತಿ ಫೋಟೋಗೆ ಹಾರ ಹಾಕಿದ್ಲು. ಅದಕ್ಕೂ ಮುಂಚೆ ಬಾಗಿಲಲ್ಲಿ "ನೀನ್ಯಾರಮ್ಮ" ಅಂತ ತಡೆದು ನಿಲ್ಲಿಸಿದ್ರು. ಈಗಲೂ ಹಿಂದೆ ಗೋಡೆ ಹತ್ರ ನಿಂತಿದಾಳೆ.

ಗಿಡ್ಡಮ್ಮ, ಮುಂದಕ್ಕೆ ಬಾರವ್ವ. ಉಳಿದೋರು ದಯವಿಟ್ಟು ಎದ್ದು ನಿಲ್ರಿ. ಮುಂದಿನ ಸಾಲಲ್ಲಿ ಕೂತಿರೋ ಡಾಕ್ಟ್ರುಗಳೇ, ಅವತ್ತು ದೊಡ್ಡ ಡಾಕ್ಟ್ರಿಗೆ ಹೆದರಿ ಸುಮ್ಮನಿದ್ರಿ. ಎರಡು ನಿಮಿಷ — ಇವತ್ತಾದರೂ ಮರ್ಯಾದೆಗೆ ಸುಮ್ಮನಿರ್ರಿ.