ಗ್ಯಾಲನ್ನಿಗೆ ಹದಿನೆಂಟು ಮೈಲಿ

ಸಭೆಯ ಅಧ್ಯಕ್ಷಸ್ಥಾನದಲ್ಲಿರುವ ಮಾನ್ಯ ಅಮಲ್ದಾರರೇ, ಅರವತ್ತು ತುಂಬಿದ ಸಂಭ್ರಮದಲ್ಲಿ ನಾಲ್ಕು ತಾಲ್ಲೂಕಿನ ಹಾರಗಳನ್ನು ಕೊರಳಲ್ಲಿ ಹೊತ್ತು ಕುಳಿತಿರುವ ಸಾಹುಕಾರ್ ದೊಡ್ಡರಂಗಪ್ಪನವರೇ, ಆಸ್ಪತ್ರೆಯ ಡಾಕ್ಟರೇ, ಕಾಂಪೌಂಡರ್ ಮಹಾಲಿಂಗಯ್ಯನವರೇ, ಮಧುಗಿರಿಯ ಹಿರಿಯರೇ, ಸಿರಾ, ಕೊರಟಗೆರೆ, ಪಾವಗಡಗಳಿಂದ ಬಂದಿರುವ ಕಡಲೆಕಾಯಿ ವರ್ತಕರೇ, ಎಡಗಡೆ ಜಮಖಾನದ ಮೇಲೆ ಕುಳಿತ ತಾಯಂದಿರೇ, ಅವರ ನಡುವೆ ಇರುವ ನನ್ನ ಅಕ್ಕ ರಾಜಲಕ್ಷ್ಮಮ್ಮನವರೇ, ಮತ್ತು ಸಭಿಕರೇ,

ನಾನು ಮಾತುಗಾರನಲ್ಲ. ಮೈಸೂರಿನ ಕಾಲೇಜಿನಲ್ಲಿ ಹಾಜರಿ ಕರೆದಾಗ ಕೂಡ ಪಕ್ಕದವನಿಂದ ‘ಇದ್ದಾನೆ ಸಾರ್’ ಎನ್ನಿಸಿದವನು. ಆದರೂ ಸನ್ಮಾನ ಸಮಿತಿಯವರು ನನ್ನನ್ನೇ ಹಿಡಿದರು. ‘ಗಂಗಹನುಮಯ್ಯ ಕನ್ನಡದಲ್ಲಿ ಆನರ್ಸ್ ಮಾಡಿದಾನೆ, ಸಾಹುಕಾರರ ಸೊಸೆಯ ತಮ್ಮ ಬೇರೆ, ಅವನಷ್ಟು ಚೆನ್ನಾಗಿ ಹೊಗಳುವವರು ಯಾರಿದ್ದಾರೆ’ ಎಂದರು. ಸಾಹಿತ್ಯ ಓದಿದವನು ಹೊಗಳಲೇಬೇಕು ಎಂದು ನಮ್ಮ ಊರಿನಲ್ಲಿ ನಂಬಿಕೆ. ಅಷ್ಟು ವರ್ಷ ಓದಿಸಿದ್ದು ಮತ್ತೆ ಯಾತಕ್ಕೆ?

ಹೊಗಳುತ್ತೇನೆ. ಹೊಗಳುವುದಕ್ಕೆ ಬೇಕಾದಷ್ಟಿದೆ. ಬಡವನಹಳ್ಳಿಯ ಶಾಲೆಗೆ ಹೆಂಚು ಹಾಕಿಸಿದವರು ಯಾರು? ದೊಡ್ಡರಂಗಪ್ಪನವರು. ಸಂತೆ ಮೈದಾನದಲ್ಲಿ ಬಾವಿ ತೋಡಿಸಿದವರು ಯಾರು? ದೊಡ್ಡರಂಗಪ್ಪನವರು. ನನ್ನ ಕಾಲೇಜಿನ ಊಟಕ್ಕೆ ಹಣ ಕಳಿಸಿದವರು ಯಾರು? ಅವರೇ. ಇಂದು, ಈ ಸಭಾಂಗಣದ ಹೊರಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿರುವ ಆ ಎಂಟು ಸಿಲಿಂಡರಿನ ಅಮೆರಿಕಾ ಕಾರನ್ನು ಊರಿನ ಆಸ್ಪತ್ರೆಗೆ, ರೋಗಿಗಳನ್ನು ತುಮಕೂರಿಗೆ ಸಾಗಿಸಲಿಕ್ಕೆಂದು, ದಾನವಾಗಿ ಕೊಡುತ್ತಿರುವವರೂ ಅವರೇ. ಚಪ್ಪಾಳೆ ತಟ್ಟಿ. ತಟ್ಟಬೇಕಾದ್ದೇ.

ಈಗ ಆ ಕಾರಿನ ವಿಷಯ. ಮಾನಪತ್ರವನ್ನು ಬರೆದವನು ನಾನು. ಅದರಲ್ಲಿ ‘ಗ್ಯಾಲನ್ನಿಗೆ ಹದಿನೆಂಟು ಮೈಲಿ ಓಡುವ ಈ ಭವ್ಯ ವಾಹನ’ ಎಂದು ಸೇರಿಸಬೇಕೆಂದು ಸಾಹುಕಾರರು ಹೇಳಿಕಳಿಸಿದರು. ಬರೆದೆ. ಈಗ ತಾನೇ ಅದನ್ನು ಓದಿದಾಗ ನೀವೆಲ್ಲ ತಲೆದೂಗಿದಿರಿ. ಮಹಾಲಿಂಗಯ್ಯನವರಂತೂ ತಮ್ಮ ಬೆರಳಿನ ಮೇಲೆ ಲೆಕ್ಕ ಹಾಕಿಕೊಂಡದ್ದನ್ನು ನಾನು ಇಲ್ಲಿಂದಲೇ ನೋಡಿದೆ. ಅವರು ಲೆಕ್ಕ ಹಾಕಲೇಬೇಕು. ಯುದ್ಧ ಮುಗಿದರೂ ಪೆಟ್ರೋಲಿನ ಕೂಪನ್ನು ಮುಗಿದಿಲ್ಲ. ತುಮಕೂರಿಗೆ ಎಷ್ಟು ತುಂಬಿಸಬೇಕು ಎಂದು ನಿನ್ನೆ ಅವರು ಕೇಳಿದರಂತೆ. ‘ಒಂದೂವರೆ ಗ್ಯಾಲನ್ ಇದ್ರೆ ಮಾರಾಜನಂಗೆ ಓಗ್ಬೋದು ಕಣಯ್ಯ’ ಎಂದು ಉತ್ತರ ಬಂತಂತೆ. ಅದನ್ನು ಒಳಗಿನಿಂದ ಅಕ್ಕ ಕೇಳಿಸಿಕೊಂಡಳು. ಆದ್ದರಿಂದ ನಾನು ಹೊಗಳಿಕೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಈ ಹದಿನೆಂಟು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕಾಗಿದೆ.

ಬೆಂಗಳೂರಿನಲ್ಲಿ ಕಾರು ಕೊಂಡ ದಿನ, ಮಾರುವ ಏಜೆಂಟನು ‘ಹದಿನೆಂಟಕ್ಕೆ ಮೋಸವಿಲ್ಲ ಸ್ವಾಮಿ’ ಎಂದನಂತೆ. ಮಾರುವವನು ಇನ್ನೇನು ಹೇಳುತ್ತಾನೆ? ಆದರೆ ಸಾಹುಕಾರರು ಅದೇ ಸಂಜೆ ಇಲ್ಲಿನ ಕ್ಲಬ್ಬಿನಲ್ಲಿ ಆ ಮಾತನ್ನು ತಮ್ಮ ಮಾತಾಗಿ ಹೇಳಿದರು. ಅಲ್ಲಿ ಒಬ್ಬರು ವಕೀಲರಿದ್ದರು, ಅವರದು ಪುಟ್ಟ ಕಾರು. ‘ಸಾಹುಕಾರ್ರೇ, ನಿಮ್ಮ ಗಾಡಿ ಪೆಟ್ರೋಲನ್ನು ಕುಡಿಯುತ್ತದೋ, ಅದರಲ್ಲಿ ಸ್ನಾನ ಮಾಡುತ್ತದೋ?’ ಎಂದು ನಕ್ಕರು. ಎಲ್ಲರೂ ನಕ್ಕರು. ಆ ನಗೆ ಕೇಳಿದ ಮೇಲೆ ಹದಿನೆಂಟು ಎಂಬುದು ನಮ್ಮ ಅಕ್ಕನ ಮನೆಯ ಮರ್ಯಾದೆಯಾಯಿತು.

ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕಾರು ಬೆಂಗಳೂರಿಗೆ ಹೋಗಿ ಬಂದು ಮನೆಯ ಮುಂದೆ ನಿಂತ ಕೂಡಲೇ ಸಾಹುಕಾರರು ಗೆರೆ ಕೊರೆದ ಬಿದಿರು ಕಡ್ಡಿ ತರಿಸುತ್ತಿದ್ದರು. ಜಗಲಿಯ ಮೇಲಿದ್ದವರೆಲ್ಲ ಎದ್ದು ಬರಬೇಕು. ಅವರೇ ಕೈಯಾರೆ ಕಡ್ಡಿಯನ್ನು ಟ್ಯಾಂಕಿನಲ್ಲಿ ಇಳಿಬಿಟ್ಟು, ಎತ್ತಿ, ಒದ್ದೆಯಾದ ಗೆರೆಯನ್ನು ಸುತ್ತಲೂ ತೋರಿಸುತ್ತಿದ್ದರು. ‘ನೋಡ್ರಪ್ಪಾ, ಮೈ ಆನೇದು, ಒಟ್ಟೆ ಗುಬ್ಬೀದು!’ ಎನ್ನುತ್ತಿದ್ದರು. ಲೆಕ್ಕ ಸರಿಯಾಗಿ ಹದಿನೆಂಟಕ್ಕೆ ಬರುತ್ತಿತ್ತು. ಪ್ರತಿಸಲವೂ ಬರುತ್ತಿತ್ತು.

ಹೇಗೆ ಬರುತ್ತಿತ್ತು? ಕಾಲೇಜಿನ ರಜೆಯಲ್ಲಿ ಒಮ್ಮೆ ನಾನು ಆ ಕಾರಿನಲ್ಲಿ ಹೋಗಿದ್ದೆ. ಕೊರಟಗೆರೆಯಲ್ಲಿ ಸಾಹುಕಾರರು ಎಂದಿನಂತೆ ಹೋಟೆಲಿನೊಳಗೆ ದೋಸೆ ತಿನ್ನಲು ಇಳಿದರು. ಡ್ರೈವರ್ ಕದರಪ್ಪ ಕಾರನ್ನು ಹೋಟೆಲಿನ ಹಿಂದೆ ಹುಣಸೆಮರದ ನೆರಳಿಗೆ ತಂದು, ಹಿಂಡಿ ಮೂಟೆಯ ಕೆಳಗಿಂದ ಒಂದು ಡಬ್ಬ ಎಳೆದು, ಟ್ಯಾಂಕಿಗೆ ಬಗ್ಗಿಸಿದ. ನಾನು ಬೆರಗಾಗಿ ನೋಡಿದೆ. ಕದರಪ್ಪ ಪಾವಗಡದ ಆಚೆಯವನು, ಅವನ ಕನ್ನಡದಲ್ಲಿ ತೆಲುಗು ಇಣುಕುತ್ತಿತ್ತು. ‘ಏಮಪ್ಪಾ ಅಂಗ್ ನೋಡ್ತೀಯ? ಇದು ಕಾರ್ಗಲ್ಲ, ಅಯ್ಯನ ಮಾತ್ಗೆ ಉಯ್ತಾ ಇವ್ನಿ. ಅಯ್ಯನ ಮಾತು ಒಣಗಬಾರ್ದು ಕದಾ?’ ಎಂದು ಕಣ್ಣು ಮಿಟುಕಿಸಿದ. ಆ ಡಬ್ಬಕ್ಕೆ ದುಡ್ಡು ಕೊಡುತ್ತಿದ್ದವರು ಸಾಹುಕಾರರ ಪತ್ನಿ, ದಿವಂಗತ ಸರಸಮ್ಮನವರು. ಬೆಣ್ಣೆ ಮಾರಿದ ಹಣದಲ್ಲಿ. ‘ಅವ್ರು ನಾಕ್ ಜನದ್ ಮುಂದೆ ತಲೆ ತಗ್ಗಿಸ್ಬಾರ್ದು ಕಣಪ್ಪ ಕದ್ರ, ನನ್ನಾಣೆ, ಯಾರ್ಗೂ ಏಳ್ಬೇಡ’ ಎಂದು ಮಾತು ತೆಗೆದುಕೊಂಡಿದ್ದರು.

ಸಾಹುಕಾರರು ಸುಳ್ಳು ಹೇಳುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಕಣ್ಣಾರೆ ಕಡ್ಡಿ ನೋಡಿದವರು. ಅವರು ಹೇಳಿದ್ದನ್ನು ನಿಜ ಮಾಡಿ ಕೊಡಲು ಮನೆಯವರಿದ್ದರು, ಆಳುಕಾಳಿದ್ದರು. ಇಂಥ ಭಾಗ್ಯ ನಮ್ಮಲ್ಲಿ ಎಷ್ಟು ಜನ ಗಂಡಸರಿಗಿಲ್ಲ?

ಅಧ್ಯಕ್ಷರು ಗಡಿಯಾರ ನೋಡಿದರು. ಬೇಗ ಮುಗಿಸುತ್ತೇನೆ, ಸ್ವಾಮಿ.

ಯುದ್ಧ ಬಂತು. ಕೂಪನ್ನು ಬಂತು. ಗಾಡಿ ಗ್ಯಾಲನ್ನಿಗೆ ಎಷ್ಟು ಓಡುತ್ತದೆ ಎಂದು ಕೂಪನ್ನು ಕೊಡುವ ಅಧಿಕಾರಿಗಳು ಎಲ್ಲರನ್ನೂ ಕೇಳಿದರಂತೆ. ಆಗ ನಮ್ಮ ಸೀಮೆಯ ಕಾರಿನ ಧಣಿಗಳೆಲ್ಲ ಒಂದೇ ದಿನದಲ್ಲಿ ಸತ್ಯಸಂಧರಾದರು. ಕ್ಲಬ್ಬಿನಲ್ಲಿ ನಕ್ಕಿದ್ದ ಆ ವಕೀಲರು ಕೂಡ, ತಮ್ಮ ಪುಟ್ಟ ಕಾರು ಭಾರೀ ಕುಡುಕ ಎಂದು ಹೇಳಿ ಹೆಚ್ಚು ಪೆಟ್ರೋಲು ಮಂಜೂರು ಮಾಡಿಸಿಕೊಂಡರು. ನಮ್ಮ ಸಾಹುಕಾರರೊಬ್ಬರೇ ಎದೆ ಸೆಟೆಸಿ ‘ಹದಿನೆಂಟು’ ಎಂದರು. ಹದಿನೆಂಟು ಓಡುವ ಗಾಡಿಗೆ ಎಷ್ಟು ಬೇಕೋ ಅಷ್ಟೇ ಸಿಕ್ಕಿತು. ನಗಬಹುದು, ಇದು ನಗುವಂಥ ಮಾತೇ. ಆದರೆ ಅಂದಿನಿಂದ ಹುಣಸೆಮರದ ಕೆಳಗಿನ ಡಬ್ಬ ಬರಿದಾಯಿತು. ಬೆಣ್ಣೆಯ ದುಡ್ಡಿತ್ತು, ಕೊಳ್ಳಲು ಪೆಟ್ರೋಲಿರಲಿಲ್ಲ. ಕಾರು ಊರೊಳಗೇ ಓಡಾಡಿಕೊಂಡಿತು. ಕಡ್ಡಿ ಅಟ್ಟಕ್ಕೆ ಹೋಯಿತು. ಹದಿನೆಂಟು ಮಾತ್ರ ಹದಿನೆಂಟಾಗಿಯೇ ಉಳಿಯಿತು.

ನನ್ನ ಅಕ್ಕನ ಮಗ ಚಿಕ್ಕರಂಗ. ತಾತನ ಹೆಸರನ್ನೇ ಇಟ್ಟಿದ್ದರು. ತಾತನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಮೂರು ವರ್ಷದ ಕೆಳಗೆ ಅವನಿಗೆ ಗಂಟಲಮಾರಿಯಾಯಿತು. ಡಾಕ್ಟರು ನೋಡಿ, ಇದಕ್ಕೆ ಚುಚ್ಚುವ ಔಷಧ ತುಮಕೂರಿನಲ್ಲಿದೆ, ಈಗಲೇ ಹೊರಡಿ ಎಂದರು. ಆಗ ನಾನು ಮೈಸೂರಿನಲ್ಲಿದ್ದೆ. ಮುಂದಿನದು ಅಕ್ಕ ಹೇಳಿದ್ದು.

ಪೆಟ್ರೋಲಿನ ಬದಲು ಇದ್ದಲಿನ ಅನಿಲದಲ್ಲಿ ಓಡುತ್ತಿದ್ದ ಬೊಮ್ಮಪ್ಪನ ಬಸ್ಸು ತುಮಕೂರಿಗೆ ಹೊರಟು ನಿಂತಿತ್ತು. ಏರಿನಲ್ಲಿ ಏದುಸಿರು ಬಿಡುವ ಬಸ್ಸು, ಆದರೆ ದಿನವೂ ತುಮಕೂರು ಮುಟ್ಟುವ ಬಸ್ಸು. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದಿದ್ದಳು. ಬೊಮ್ಮಪ್ಪ ಮುಂದಿನ ಸೀಟು ತೆರವು ಮಾಡಿಸಿ ‘ಬಸ್ ಅತ್ತಮ್ಮ, ಬಿರ್ರನೆ’ ಎಂದು ಕೂಗುತ್ತಿದ್ದ. ಸಾಹುಕಾರರು ಅಡ್ಡ ಬಂದರು.

‘ನನ್ ಮೊಮ್ಮಗ ಇದ್ದಲು ಒಗೆ ಕುಡ್ಕಂಡ್ ಓಗ್ತಾನಾ? ಕಾರ್ ತೆಗಿಯೋ ಕದ್ರ! ಕೊರಟಗೆರೆ ಸೇರೋದ್ರೊಳ್ಗೆ ಈ ಬಸ್ ಇಂದಾಕ್ಬೋದು.’

‘ಬಸ್ಸೇ ವಾಸಿ ಸಾಮಿ,’ ಎಂದನಂತೆ ಕದರಪ್ಪ.

‘ಯಾಕ್ಲಾ? ಎಲ್ಡು ಗ್ಯಾಲನ್ ಐತೆ. ಮೂವತ್ತಾರ್ ಮೈಲಿ ಆಯ್ತು. ತುಮಕೂರ್ ಇರಾದು ಇಪ್ಪತ್ತೇಳು. ಒಂಬತ್ ಮೈಲಿ ಮಿಕ್ತದೆ. ಇನ್ನೇನ್ಲಾ ನಿಂಗೆ?’

ಕದರಪ್ಪ ಬಾಗಿಲ ಕಡೆ ನೋಡಿದ. ಹೊಸ್ತಿಲಲ್ಲಿ ಸರಸಮ್ಮನವರು ನಿಂತಿದ್ದರು. ‘ಕದ್ರಪ್ಪಾ, ಸಾಕಾಯ್ತದೇನಪ್ಪಾ?’ ಎಂದು ಅವರು ಕೇಳಿದರು. ಕೇಳಿದ್ದು ಡ್ರೈವರನ್ನು, ನೋಡುತ್ತಿದ್ದುದು ಗಂಡನನ್ನು.

‘ಗಂಡಸ್ರ ಲೆಕ್ದಾಗೆ ನಿಂದೇನೇ? ಒಳೀಕ್ ನಡಿ,’ ಎಂದರು ಸಾಹುಕಾರರು.

ಅವರು ಒಳಗೆ ನಡೆದರು. ಬಸ್ಸು ಹೊರಟುಹೋಯಿತು. ಕಾರಿನ ಸೀಟಿಗೆ ರೇಷ್ಮೆ ಮಗಟದ ಹೊದಿಕೆ ಹಾಸಿ, ಮಗುವನ್ನು ಮಲಗಿಸಿ, ಬಸ್ಸಿನ ಹಿಂದೆ ಇವರೂ ಹೊರಟರು.

ಕೊರಟಗೆರೆ ದಾಟಿ, ಊರಿಲ್ಲದ ಕಡೆ ಒಂದು ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಮುಂದೆ ಹೋಗುತ್ತಿದ್ದ ಬಸ್ಸಿನ ಧೂಳು ಇನ್ನೂ ಕಾಣುತ್ತಿತ್ತಂತೆ. ಕದರಪ್ಪ ಕೂಗುತ್ತ ಅದರ ಹಿಂದೆ ಓಡಿದ. ಸಿಗಲಿಲ್ಲ. ಹಿಂದಿರುಗಿ ಬಂದಾಗ ಸಾಹುಕಾರರು ದಾರಿಯ ಪಕ್ಕದ ಗಿಡದಿಂದ ಕಡ್ಡಿ ಮುರಿದು ಟ್ಯಾಂಕಿಗೆ ಇಳಿಬಿಟ್ಟು ನೋಡುತ್ತಿದ್ದರು. ಕಡ್ಡಿ ಒದ್ದೆಯಾಗಿರಲಿಲ್ಲ. ಮಗುವಿನ ಉಸಿರು ಕೊಳವೆಯೊಳಗಿನ ಗಾಳಿಯಂತೆ ಸದ್ದು ಮಾಡುತ್ತಿತ್ತು. ಆಗ ಅವರು ಏನೆಂದರು ಗೊತ್ತೇ?

‘ಪೆಟ್ರೋಲ್ ಮಾರ್ಕಂಡ್ಯೇನ್ಲಾ, ಕಳ್ ನನ್ಮಗನೆ?’

ಕದರಪ್ಪ ಸರಸಮ್ಮನವರಿಗೆ ಮಾತು ಕೊಟ್ಟಿದ್ದ. ‘ಲೇದು ಸಾಮಿ’ ಎಂದಷ್ಟೇ ಹೇಳಿ, ಮಗುವಿಗಾಗಿ ಎತ್ತಿನ ಗಾಡಿ ಹುಡುಕಲು ಹೊಲಗಳ ಕಡೆ ಓಡಿದ. ಗಾಡಿ ಸಿಕ್ಕಿತು. ತುಮಕೂರು ಸೇರುವ ಹೊತ್ತಿಗೆ ಅಕ್ಕನ ಮಡಿಲಲ್ಲಿ ಸದ್ದು ನಿಂತಿತ್ತು.

ಕದರಪ್ಪ ಪೆಟ್ರೋಲು ಕದ್ದವನಾಗಿ ಊರು ಬಿಟ್ಟ. ಪಾವಗಡದಿಂದ ಸಿರಾವರೆಗೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ನೀವೂ ಕೊಡಲಿಲ್ಲ, ವರ್ತಕರೇ. ಸಾಹುಕಾರರ ಮಗ, ನನ್ನ ಭಾವನವರು, ಆಗ ವ್ಯಾಪಾರಕ್ಕೆಂದು ಇದ್ದ ಪಾವಗಡದ ಮಂಡಿಯಲ್ಲೇ ಉಳಿದುಬಿಟ್ಟರು. ಹಬ್ಬಕ್ಕೆ ಬಂದರೂ ತಂದೆಯ ಎದುರು ಬಾಯಿ ಬಿಡುವುದಿಲ್ಲ. ಇಂದು ಅವರು ಬಂದೇ ಇಲ್ಲ. ಸರಸಮ್ಮನವರು ಸಾಯುವ ಮುಂಚೆ ಡಬ್ಬದ ಕಥೆಯನ್ನು ಸೊಸೆಗೆ ಹೇಳಿದರು. ಅಕ್ಕ ಅದನ್ನು ಮಾವನವರಿಗೆ ಹೇಳಿದಳು. ಅವರು ಊಟದಿಂದ ಎದ್ದರು, ಕೈ ತೊಳೆದರು, ‘ನನ್ ಕಾರು ಅದಿನೆಂಟು ಕೊಡ್ತದೆ. ಈ ಮನೇಲಿರೋರು ಬ್ಯಾರೆ ಮಾತ್ ಆಡ್ಕೂಡ್ದು’ ಎಂದರು.

ಇದನ್ನು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅವರನ್ನು ಇಷ್ಟು ಹತ್ತಿರದಿಂದ ನೋಡುತ್ತ ಬೇರೇನೋ ಅನ್ನಿಸುತ್ತಿದೆ. ಕಾರು ಗ್ಯಾಲನ್ನಿಗೆ ಒಂಬತ್ತೇ ಮೈಲಿ ಓಡುವುದು ಎಂದು ಒಪ್ಪಿಕೊಂಡರೆ ಅವರು ಅದರ ಜೊತೆಗೆ ಇನ್ನೇನನ್ನು ಒಪ್ಪಿಕೊಳ್ಳಬೇಕು, ಯೋಚಿಸಿ. ಅದಕ್ಕೇ ಹದಿನೆಂಟನ್ನು ಮಾನಪತ್ರದಲ್ಲಿ, ಚೌಕಟ್ಟು ಹಾಕಿಸಿ, ಗಾಜಿನ ಹಿಂದೆ ಇಡಿಸಿದ್ದಾರೆ. ನನಗೆ ಅವರ ಮೇಲೆ ಕನಿಕರವಿದೆ. ಆದರೆ ಕನಿಕರದ ಮೇಲೆ ಕಾರು ಓಡುವುದಿಲ್ಲ.

ಅಧ್ಯಕ್ಷರು ಗಂಟೆ ಬಾರಿಸಿದರು. ಇನ್ನೊಂದೇ ಮಾತು, ಸ್ವಾಮಿ. ನನ್ನನ್ನು ಕೂರಿಸಬೇಡಿ. ನಾನು ಕೂತರೆ ಮತ್ತೆ ಏಳುವವನಲ್ಲ.

ಬೆಳಿಗ್ಗೆ ಅಕ್ಕನಿಗೆ ಹೇಳಿದೆ, ‘ಅಕ್ಕಾ, ಇದನ್ನ ಡಾಕ್ಟರಿಗೆ ಗುಟ್ಟಾಗಿ ಹೇಳಿದರೆ ಸಾಲದೇ?’ ಅವಳು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ತಲೆ ಎತ್ತಲಿಲ್ಲ.

‘ಗುಟ್ಟಾಗೇ ಇಟ್ಟು ಇಟ್ಟು ಇಂಗಾಯ್ತು ಕಣೋ ಹನ್ಮ. ನಾಕ್ ಜನದ್ ಮುಂದೆ ಏಳ್ಬುಡು. ಇನ್ನೊಬ್ಳು ಆ ಸೀಟ್ನಾಗೆ ಮಗೀನ್ ಮಲಗಿಸ್ಕಂಡು ಕೂತ್ಕಬಾರ್ದು.’

‘ನಿನ್ನ ಗತಿ ಏನು?’

‘ನೀನ್ ಏಳಿದ್ಮೇಲೆ ಆ ಮನೆ ಬಾಗ್ಲು ನಂಗಿಲ್ಲ. ಅದು ನಂಗ್ ಗೊತ್ತಿಲ್ವೇನೋ?’

ಕಾಂಪೌಂಡರ್ ಮಹಾಲಿಂಗಯ್ಯನವರೇ, ದಯವಿಟ್ಟು ಕೇಳಿಸಿಕೊಳ್ಳಿ. ಆ ಕಾರು ಗ್ಯಾಲನ್ನಿಗೆ ಒಂಬತ್ತು ಮೈಲಿ ಓಡುತ್ತದೆ. ಜನ ತುಂಬಿದರೆ ಅಷ್ಟೂ ಇಲ್ಲ. ತುಮಕೂರಿಗೆ ಮೂರು ಗ್ಯಾಲನ್ ಬೇಕು. ಏರಿಗೆಂದು ಮೇಲೆ ಇನ್ನೊಂದು ಇಡಿ. ಹಿಂದಿರುಗಲು ಬೇರೆ. ಅಷ್ಟು ಇಲ್ಲದ ದಿನ ರೋಗಿಯನ್ನು ಬಸ್ಸಿಗೆ ಹತ್ತಿಸಿ. ಕದರಪ್ಪ ಕಳ್ಳನಲ್ಲ. ಆ ಕಾರನ್ನು ಬಲ್ಲ ಡ್ರೈವರು ನಿಮಗೆ ಬೇಕಾದರೆ, ಅವನು ಇನ್ನೂ ಬದುಕಿದ್ದಾನೆ.

ಸಾಹುಕಾರರು ಎದ್ದು ನಿಂತಿದ್ದಾರೆ. ಅವರು ನನ್ನನ್ನು ನೋಡುತ್ತಿಲ್ಲ, ಹೆಂಗಸರ ಕಡೆ ನೋಡುತ್ತಿದ್ದಾರೆ. ಅಲ್ಲಿ ನನ್ನ ಅಕ್ಕ ಕೂಡ ಎದ್ದು ನಿಂತಿದ್ದಾಳೆ. ಈ ಸಭೆಯಲ್ಲಿ ಆ ಮಗುವಿಗಾಗಿ ಅತ್ತವರು ಇವರಿಬ್ಬರೇ, ಒಬ್ಬರ ಎದುರು ಒಬ್ಬರು ಎಂದೂ ಅತ್ತವರಲ್ಲ.

ಅವಳು ಸೆರಗು ಹೊದ್ದುಕೊಂಡು ಬಾಗಿಲ ಕಡೆ ಹೊರಟಳು.

ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೂ, ಅನ್ನ ಹಾಕಿ ಓದಿಸಿದ ಸಾಹುಕಾರರಿಗೂ, ಈ ಮಾತುಗಳನ್ನು ನನ್ನ ಕೈಗೆ ಕೊಟ್ಟವಳಿಗೂ ನಾನು ಋಣಿ. ಬಾಗಿಲಲ್ಲಿ ಗುಂಪುಗೂಡಿ ನಿಂತಿರುವವರೇ, ಸ್ವಲ್ಪ ಸರಿಯಿರಿ. ಆಕೆಗೆ ದಾರಿ ಬಿಡಿ. ನಮಸ್ಕಾರ.